ಜೋಸೆಫ್ ಡಾಲ್ಟನ್ ಹೂಕರ್ ಮತ್ತು ದೇವದಾರುವಿನ ಹಾಳೆಗಳು

ಹತ್ತೊಂಬತ್ತನೆಯ ಶತಮಾನವು ಸಸ್ಯವಿಜ್ಞಾನದ ಇತಿಹಾಸದಲ್ಲಿ ಸಂಗ್ರಹದ ಯುಗ. ಭೂಮಿಯ ಮೂಲೆಮೂಲೆಗಳಿಂದ ಗಿಡಮರಗಳ ರೆಂಬೆ, ಎಲೆ, ಹೂ, ಕಾಯಿಗಳು ಒಣಗಿ, ಕಾಗದಕ್ಕೆ ಅಂಟಿ, ಯುರೋಪಿನ ಕೆಲವೇ ನಗರಗಳನ್ನು ಸೇರಿದ ಕಾಲವದು. ಆ ಯುಗದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಪ್ರತಿನಿಧಿಸುವ ವ್ಯಕ್ತಿ ಸರ್ ಜೋಸೆಫ್ ಡಾಲ್ಟನ್ ಹೂಕರ್ (1817-1911). 'ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ' ಎಂಬ ಏಳು ಸಂಪುಟಗಳ ಗ್ರಂಥದ ಕರ್ತೃವಾಗಿ ಭಾರತದ ಸಸ್ಯಾಭ್ಯಾಸಿಗಳಿಗೆಲ್ಲ ಆತ ಪರಿಚಿತ. ಡಾರ್ವಿನ್ನನ ಆಪ್ತಮಿತ್ರನಾಗಿ ವಿಜ್ಞಾನದ ಇತಿಹಾಸಕಾರರಿಗೂ ಪರಿಚಿತ. ಆದರೆ ಆತನ ವಿದ್ವತ್ತಿನ ನಿಜವಾದ ಸ್ವರೂಪವನ್ನು ಅರಿಯಲು ಈ ಬೃಹತ್ಕೃತಿಗಳಿಗಿಂತ ಒಂದು ಸಣ್ಣ ಸಮಸ್ಯೆ ಹೆಚ್ಚು ನೆರವಾಗುತ್ತದೆ. ಅದು ದೇವದಾರುವಿನ ಸಮಸ್ಯೆ. ಪಶ್ಚಿಮ ಹಿಮಾಲಯದ ದೇವದಾರು, ಲೆಬನಾನ್ ಮತ್ತು ಟಾರಸ್ ಪರ್ವತಗಳ ಸೀಡರ್, ಉತ್ತರ ಆಫ್ರಿಕದ ಅಟ್ಲಾಸ್ ಸೀಡರ್, ಇವು ಒಂದೇ ಮರವೋ ಬೇರೆ ಬೇರೆ ಮರಗಳೋ ಎಂಬ ಪ್ರಶ್ನೆಗೆ ಹೂಕರ್ 1862ರಲ್ಲಿ ಒಂದು ಉತ್ತರ ಕೊಟ್ಟ. 1880ರಲ್ಲಿ ಅದಕ್ಕೆ ಹೊಸ ಆಧಾರವೊಂದನ್ನು ಸೇರಿಸಿದ. 1888ರಲ್ಲಿ ಅದನ್ನೇ ದೃಢಪಡಿಸಿದ. ಆ ಉತ್ತರ ಇಂದು ನಿಂತಿಲ್ಲ. ಆದರೆ ಅದು ಹೇಗೆ ಹುಟ್ಟಿತು, ಏಕೆ ಬಿತ್ತು ಎಂಬುದರಲ್ಲಿ ಆತನ ಜೀವನದ ಸಾರವೇ ಅಡಗಿದೆ.

1

ಹೂಕರ್ ಹುಟ್ಟಿದ್ದು ಇಂಗ್ಲೆಂಡಿನ ಸಫೋಕ್ ಪ್ರಾಂತದ ಹೇಲ್ಸ್‌ವರ್ತ್ ಎಂಬ ಊರಿನಲ್ಲಿ, 1817ರ ಜೂನ್ 30ರಂದು. ತಂದೆ ವಿಲಿಯಂ ಜಾಕ್ಸನ್ ಹೂಕರ್ ಸ್ವತಃ ಹೆಸರಾಂತ ಸಸ್ಯಶಾಸ್ತ್ರಜ್ಞ. 1820ರಲ್ಲಿ ಆತ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕನಾದುದರಿಂದ ಮಗನ ಬಾಲ್ಯ ಸ್ಕಾಟ್ಲೆಂಡಿನಲ್ಲಿ ಕಳೆಯಿತು. ಏಳರ ಹರೆಯದಲ್ಲೇ ಜೋಸೆಫ್ ತಂದೆಯ ಉಪನ್ಯಾಸಗಳಿಗೆ ಹೋಗಿ ಕುಳಿತುಕೊಳ್ಳುತ್ತಿದ್ದ. ಮನೆಯಲ್ಲಿದ್ದ ಒಣಸಸ್ಯಗಳ ಸಂಗ್ರಹವೇ ಆತನ ಮೊದಲ ಪಾಠಶಾಲೆಯಾಯಿತು. 1839ರಲ್ಲಿ ವೈದ್ಯಪದವಿ ಪಡೆದ ಕೂಡಲೆ ಜೇಮ್ಸ್ ಕ್ಲಾರ್ಕ್ ರಾಸ್‌ನ ನಾಯಕತ್ವದ ಅಂಟಾರ್ಕ್ಟಿಕ ಯಾತ್ರೆಯಲ್ಲಿ 'ಎರೆಬಸ್' ನೌಕೆಯ ಸಹಾಯಕ ವೈದ್ಯನಾಗಿ ಹೊರಟ.

ನಾಲ್ಕು ವರ್ಷಗಳ ಆ ಯಾತ್ರೆ ಆತನ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ನೆಟ್ಟಿತು. ಕೆರ್ಗೆಲೆನ್‌ನಂತಹ ಒಂಟಿ ದ್ವೀಪದ ಗಿಡಗಳು ಸಾವಿರಾರು ಮೈಲಿ ದೂರದ ದಕ್ಷಿಣ ಅಮೆರಿಕದ ತುದಿಯ ಗಿಡಗಳನ್ನು ಹೋಲುವುದೇಕೆ? ನಡುವೆ ಇರುವುದು ಬರೀ ಸಮುದ್ರ. ಹಿಂದೊಮ್ಮೆ ಅಲ್ಲಿ ನೆಲವಿದ್ದು, ಆ ನೆಲದ ಮೇಲೆ ಒಂದೇ ಸಸ್ಯಸಮೂಹ ಹಬ್ಬಿತ್ತೆಂದು ಹೂಕರ್ ಭಾವಿಸಿದ. ಬೀಜಗಳು ನೀರಿನ ಮೇಲೆ ತೇಲಿ, ಹಕ್ಕಿಗಳೊಡನೆ ಪಯಣಿಸಿ ದೂರದ ದಡ ಸೇರಬಲ್ಲವೆಂಬುದು ಡಾರ್ವಿನ್ನನ ಪಕ್ಷ. ಇಬ್ಬರ ಸ್ನೇಹ ಬೆಳೆದುದೇ ಈ ಬಗೆಯ ವಾದಗಳ ನಡುವೆ. ಜೀವಪ್ರಭೇದಗಳು ಸ್ಥಿರವಲ್ಲವೆಂಬ ತನ್ನ ಶಂಕೆಯನ್ನು ಡಾರ್ವಿನ್ 1844ರ ಜನವರಿಯಲ್ಲಿ ಪತ್ರಮುಖೇನ ತಿಳಿಸಿದ್ದು ಹೂಕರ್‌ಗೆ. ಛಿದ್ರಗೊಂಡ ನೆಲೆಗಳಲ್ಲಿ ಸಿಗುವ ಸದೃಶ ಸಸ್ಯಗಳನ್ನು ಕಂಡಾಗ ಹಿಂದಿನ ಒಂದು ಅಖಂಡತೆಯನ್ನು ಊಹಿಸುವ ಪ್ರವೃತ್ತಿ ಹೂಕರ್‌ನಲ್ಲಿ ಅಂದಿನಿಂದಲೇ ಬೇರೂರಿತು. ದೇವದಾರುವಿನ ವಿಷಯದಲ್ಲಿ ಆತ ಹೋದ ದಾರಿಯೂ ಇದೇ.

2

1847ರ ನವೆಂಬರಿನಲ್ಲಿ ಹೂಕರ್ ಭಾರತಕ್ಕೆ ಹೊರಟ. ಗವರ್ನರ್ ಜನರಲ್ ಆಗಿ ಬರುತ್ತಿದ್ದ ಲಾರ್ಡ್ ಡಾಲ್‌ಹೌಸಿಯ ಸಹಪ್ರಯಾಣಿಕನಾಗುವ ಅವಕಾಶ ದೊರೆತುದರಿಂದ ಆಳರಸರ ಬೆಂಬಲ ಆರಂಭದಿಂದಲೇ ಆತನಿಗಿತ್ತು. 1848ರಿಂದ ಡಾರ್ಜಿಲಿಂಗನ್ನು ನೆಲೆಯಾಗಿಸಿಕೊಂಡು ಸಿಕ್ಕಿಂ ಮತ್ತು ಪೂರ್ವ ನೇಪಾಳದ ಕಣಿವೆಗಳಲ್ಲಿ ಅಲೆದ. ಲೆಪ್ಚಾ ಸಹಾಯಕರು ದಾರಿ ತೋರಿ, ಮರ ಹತ್ತಿ, ಹೊರೆ ಹೊತ್ತು ಆತನ ಸಂಗ್ರಹವನ್ನು ಬೆಳೆಸಿದರು. ಎಡೆಬಿಡದ ಮಳೆಯಲ್ಲಿ ಸಸ್ಯಗಳನ್ನು ಒಣಗಿಸುವುದು ಸುಲಭದ ಕೆಲಸವಾಗಿರಲಿಲ್ಲ. ಹೀರುಕಾಗದಗಳ ನಡುವೆ ಒತ್ತಿಟ್ಟ ಪ್ರತಿಯೊಂದು ರೆಂಬೆಯ ಕಾಗದವನ್ನೂ ಮತ್ತೆ ಮತ್ತೆ ಬದಲಿಸಬೇಕು. ಒದ್ದೆಯಾದ ಕಾಗದವನ್ನು ಬೆಂಕಿಯ ಶಾಖದಲ್ಲಿ ಒಣಗಿಸಿ ಮರಳಿ ಬಳಸಬೇಕು. ಒಂದು ದಿನ ತಪ್ಪಿದರೆ ಬೂಷ್ಟು ಹಿಡಿಯುತ್ತದೆ. 1849ರ ನವೆಂಬರಿನಲ್ಲಿ ಸಿಕ್ಕಿಮಿನ ದಿವಾನನ ಕಡೆಯವರು ಹೂಕರ್ ಮತ್ತು ಡಾರ್ಜಿಲಿಂಗಿನ ಅಧಿಕಾರಿ ಆರ್ಚಿಬಾಲ್ಡ್ ಕ್ಯಾಂಬೆಲ್‌ರನ್ನು ಸೆರೆಹಿಡಿದರು. ವಾರಗಳ ಬಳಿಕ ಬಿಡುಗಡೆಯಾಯಿತು. ಅದನ್ನೇ ನೆಪವಾಗಿಸಿ ಬ್ರಿಟಿಷರು ಸಿಕ್ಕಿಮಿನ ತಪ್ಪಲು ಪ್ರದೇಶವನ್ನು ವಶಪಡಿಸಿಕೊಂಡರು. ವಿಜ್ಞಾನಿಯ ಹಾದಿಯೂ ಸಾಮ್ರಾಜ್ಯದ ಹಾದಿಯೂ ಎಷ್ಟು ಹತ್ತಿರದಲ್ಲಿ ಸಾಗಿದ್ದವೆಂಬುದಕ್ಕೆ ಇದೊಂದು ನಿದರ್ಶನ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೂಕರ್ ನಡೆದಾಡಿದ ಪೂರ್ವ ಹಿಮಾಲಯದಲ್ಲಿ ದೇವದಾರು ಕಾಡುಮರವಾಗಿ ಬೆಳೆಯುವುದಿಲ್ಲ. ಅದರ ಸಹಜ ನೆಲೆ ಪೂರ್ವ ಅಫ್ಘಾನಿಸ್ತಾನದಿಂದ ಕಾಶ್ಮೀರ, ಹಿಮಾಚಲ, ಗಢವಾಲ, ಕುಮಾವೂಂಗಳ ಮೂಲಕ ಪಶ್ಚಿಮ ನೇಪಾಳದವರೆಗೆ, ಸುಮಾರು 1,500ರಿಂದ 3,200 ಮೀಟರ್ ಎತ್ತರದಲ್ಲಿ. ಕಾಳಿದಾಸನ ರಘುವಂಶದ ಎರಡನೆಯ ಸರ್ಗದಲ್ಲಿ ಶಿವನು ಮಗನೆಂದು ಸ್ವೀಕರಿಸಿದ ಮರ ಇದೇ. ಕಾಡಾನೆ ಮೈಯುಜ್ಜಿ ತೊಗಟೆ ಸುಲಿದುದಕ್ಕಾಗಿ ಸಿಂಹವನ್ನು ಕಾವಲಿಗಿಡುವಷ್ಟು ಪ್ರೀತಿಗೆ ಪಾತ್ರವಾದ ಮರ. ಈ ದೇವದಾರುವಿನ ಕಾಡನ್ನು ಹೂಕರ್ ತನ್ನ ಹಿಮಾಲಯ ಯಾತ್ರೆಯಲ್ಲಿ ಕಾಣಲಿಲ್ಲ. ಅದು ಆತನ ಕೈಸೇರಿದ್ದು ಇತರರು ಒಣಗಿಸಿದ ಹಾಳೆಗಳ ರೂಪದಲ್ಲಿ.

ಆ ಇತರರಲ್ಲಿ ಪ್ರಮುಖನು ಥಾಮಸ್ ಥಾಮ್ಸನ್. ಗ್ಲಾಸ್ಗೋದಲ್ಲಿ ಹೂಕರ್‌ನ ಸಹಪಾಠಿಯಾಗಿದ್ದ ಈತ ಕಂಪನಿಯ ಸೇನೆಯಲ್ಲಿ ವೈದ್ಯ. 1842ರಲ್ಲಿ ಘಜ್ನಿಯಲ್ಲಿ ಸೆರೆಸಿಕ್ಕು ಪಾರಾಗಿ ಬಂದವನು. 1847-48ರಲ್ಲಿ ಗಡಿ ಆಯೋಗದ ಸದಸ್ಯನಾಗಿ ಪಶ್ಚಿಮ ಹಿಮಾಲಯ ಮತ್ತು ಟಿಬೆಟ್ ಪ್ರದೇಶಗಳನ್ನು ಸುತ್ತಿ ಅಪಾರ ಸಂಗ್ರಹ ಮಾಡಿದ. 1850ರಲ್ಲಿ ಗೆಳೆಯರಿಬ್ಬರೂ ಸೇರಿ ಖಾಸಿ ಬೆಟ್ಟಗಳಲ್ಲಿ ಅಲೆದು 1851ರಲ್ಲಿ ಇಂಗ್ಲೆಂಡಿಗೆ ಮರಳಿದರು. ಪೂರ್ವವನ್ನು ಹೂಕರ್, ಪಶ್ಚಿಮವನ್ನು ಥಾಮ್ಸನ್ ಕಂಡಿದ್ದರಿಂದ ಇಬ್ಬರ ಸಂಗ್ರಹಗಳು ಸೇರಿ ಇಡೀ ಹಿಮಾಲಯದ ಚಿತ್ರವಾಯಿತು. ಇತರ ಸಂಗ್ರಾಹಕರ ಮಾದರಿಗಳನ್ನೂ ಕೂಡಿಸಿಕೊಂಡು, ತಮ್ಮಿಬ್ಬರ ಹೆಸರನ್ನು ಅಚ್ಚುಹಾಕಿಸಿದ ಚೀಟಿಗಳನ್ನಂಟಿಸಿ, ಈ ಒಣಸಸ್ಯಗಳನ್ನು ಅವರು ಹಲವು ದೇಶಗಳ ಹರ್ಬೇರಿಯಂಗಳಿಗೆ ಹಂಚಿದರು. ವಾಯವ್ಯ ಹಿಮಾಲಯದ ಹಾಳೆಗಳಂತೆಯೇ ಮೈಸೂರು ಮತ್ತು ಕರ್ನಾಟಿಕ್ ಪ್ರದೇಶದ ಹಾಳೆಗಳೂ, ಸ್ಟಾಕ್ಸ್, ಲಾ ಮೊದಲಾದವರು ಪಶ್ಚಿಮ ಕರಾವಳಿಯಲ್ಲಿ ಕೂಡಿಸಿದ ಹಾಳೆಗಳೂ ಅದರಲ್ಲಿದ್ದವು. ಕೊನೆಯ ಗುಂಪಿನ ಚೀಟಿಯಲ್ಲಿ ಮಲಬಾರ್, ಕೊಂಕಣ ಇತ್ಯಾದಿ ಎಂದಷ್ಟೇ ಅಚ್ಚಾಗಿದೆ. ಯಾವ ಊರು, ಯಾವ ಘಟ್ಟ, ಯಾವ ತಿಂಗಳು ಎಂಬುದಿಲ್ಲ. ಸಹ್ಯಾದ್ರಿಯ ಸಸ್ಯಗಳನ್ನು ಅಭ್ಯಸಿಸಿದ ಮುಂದಿನ ತಲೆಮಾರಿನವರನ್ನು ಆ ಇತ್ಯಾದಿ ಎಂಬ ಪದ ಬಹಳವಾಗಿ ಕಾಡಿದೆ.

3

ಹರ್ಬೇರಿಯಂ ಹಾಳೆಯೆಂಬುದು ಒಂದು ದೃಷ್ಟಿಯಿಂದ ಓಲೆಗರಿಯ ಕಟ್ಟಿನಂತೆ. ಮೂಲ ಕಣ್ಮರೆಯಾದ ಮೇಲೂ ಉಳಿಯುವ ಸಾಕ್ಷ್ಯ ಅದು. ಹಸ್ತಪ್ರತಿಯಲ್ಲಿ ಲಿಪಿಕಾರನ ಹೆಸರು, ಕಾಲ, ಸ್ಥಳಗಳು ಎಷ್ಟು ಮುಖ್ಯವೋ ಹಾಳೆಯ ಕೆಳಮೂಲೆಯ ಚೀಟಿಯಲ್ಲಿ ಸಂಗ್ರಾಹಕನ ಹೆಸರು, ದಿನಾಂಕ, ನೆಲೆ, ಎತ್ತರಗಳು ಅಷ್ಟೇ ಮುಖ್ಯ. ಹಸ್ತಪ್ರತಿಯಲ್ಲಿ ಗ್ರಂಥಪಾತವಿರುವಂತೆ ಹಾಳೆಯಲ್ಲೂ ಲೋಪಗಳಿರುತ್ತವೆ.

ದೇವದಾರುವಿನ ಹಾಳೆಯಲ್ಲಂತೂ ಲೋಪಗಳೇ ಹೆಚ್ಚು. ಸೂಜಿಯೆಲೆಯ ಮರಗಳಲ್ಲಿ ಹಲವು ಒಣಗುವಾಗ ಎಲೆಗಳನ್ನು ಉದುರಿಸಿಬಿಡುತ್ತವೆ. ಸೀಡರ್ ಆ ಗುಂಪಿಗೆ ಸೇರಿದ್ದು. ಗಿಡ್ಡ ರೆಂಬೆಗಳ ಮೇಲೆ ಗೊಂಚಲಾಗಿ ನಿಂತ ಎಲೆಗಳು ಒತ್ತುಪಟ್ಟಿಯೊಳಗೇ ಕಳಚಿ, ಕಾಗದದ ಮೇಲೆ ಬರಿಯ ಕಡ್ಡಿ ಉಳಿಯುತ್ತದೆ. ಉದುರಿದ ಎಲೆಗಳನ್ನು ಸಣ್ಣ ಲಕೋಟೆಯಲ್ಲಿ ತುಂಬಿ ಹಾಳೆಗೆ ಅಂಟಿಸಬೇಕಾಗುತ್ತದೆ. ಪೈನ್ ಮರದ ಶಂಕು ಇಡಿಯಾಗಿ ನೆಲಕ್ಕೆ ಬೀಳುತ್ತದೆ. ಸೀಡರ್ ಶಂಕು ರೆಂಬೆಯ ಮೇಲೆ ನೆಟ್ಟಗೆ ನಿಂತು, ಬಲಿತಾಗ ಅಲ್ಲೇ ಬಿಚ್ಚಿ, ಶಲ್ಕಗಳೂ ರೆಕ್ಕೆಯುಳ್ಳ ಬೀಜಗಳೂ ಗಾಳಿಗೆ ಹಾರಿಹೋಗುತ್ತವೆ. ನಡುವಿನ ದಿಂಡು ಮಾತ್ರ ಉಳಿಯುತ್ತದೆ. ಆದ್ದರಿಂದ ಬಲಿತ ಇಡೀ ಶಂಕು ಸಂಗ್ರಹಕ್ಕೆ ದೊರೆಯುವುದು ವಿರಳ. ದೊರೆತರೂ ಅದು ಹಾಳೆಯ ಮೇಲೆ ಕೂರುವಂಥದಲ್ಲ, ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಡಬೇಕು. ಇನ್ನು ಮರವನ್ನು ಕಣ್ಣಾರೆ ಕಂಡವನು ಗುರುತಿಸುವ ಲಕ್ಷಣಗಳು, ಅಂದರೆ ಹಿಮಾಲಯದ ದೇವದಾರುವಿನ ಬಾಗಿದ ತುದಿ, ಜೋಲುವ ಎಳೆರೆಂಬೆಗಳು, ಲೆಬನಾನಿನ ಹಳೆಯ ಮರಗಳ ಚಪ್ಪಟೆ ಹಂದರ, ಅಟ್ಲಾಸ್ ಮರದ ಬೂದಿಬಣ್ಣ, ಇವು ಯಾವುವೂ ಒಂದಡಿ ಉದ್ದದ ಒಣರೆಂಬೆಯಲ್ಲಿ ಉಳಿಯುವುದಿಲ್ಲ. ಹಾಳೆಯನ್ನು ನೋಡುವವನಿಗೆ ಎಟುಕುವುದು ಎಲೆಯ ಉದ್ದ, ಶಂಕುವಿನ ಗಾತ್ರ, ಶಲ್ಕದ ಅಗಲ ಇಷ್ಟೇ. ಈ ಅಳತೆಗಳಾದರೋ ಒಂದೇ ಮರದಲ್ಲೂ ಏರುಪೇರಾಗುತ್ತವೆ.

ಇಂತಹ ಸಾಕ್ಷ್ಯವನ್ನಿಟ್ಟುಕೊಂಡು ನಿರ್ಣಯಕ್ಕೆ ಬರುವಾಗ ಹೂಕರ್‌ಗೆ ಒಂದು ಸಿದ್ಧಾಂತದ ಬಲವಿತ್ತು. ಥಾಮ್ಸನ್‌ನೊಡನೆ 1855ರಲ್ಲಿ ಪ್ರಕಟಿಸಿದ 'ಫ್ಲೋರಾ ಇಂಡಿಕಾ'ದ ಮೊದಲ ಸಂಪುಟದ ದೀರ್ಘ ಪೀಠಿಕೆಯಲ್ಲಿ ಆತ ಅದನ್ನು ಪ್ರತಿಪಾದಿಸಿದ. ಒಂದೊಂದು ಪ್ರದೇಶದ ಮಾದರಿಗಳನ್ನು ಮಾತ್ರ ನೋಡಿ ಹೊಸ ಹೊಸ ಪ್ರಭೇದಗಳನ್ನು ಹುಟ್ಟಿಸುವುದು ಸಸ್ಯಶಾಸ್ತ್ರದ ದೊಡ್ಡ ಕೇಡು. ನೂರಾರು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹಲವು ಭೇದಗಳು ಒಂದರೊಳಗೊಂದು ಕರಗಿಹೋಗುತ್ತವೆ ಎಂಬುದು ಆತನ ನಿಲುವು. ಈ ನಿಲುವಿಗೆ ವೈಜ್ಞಾನಿಕ ಸಮರ್ಥನೆ ಇತ್ತು. ಆದರೆ ಅದರೊಳಗೆ ಅಧಿಕಾರದ ಧ್ವನಿಯೂ ಇತ್ತು. ನೂರಾರು ಹಾಳೆಗಳು ಇದ್ದುದು ಕ್ಯೂ ಉದ್ಯಾನದಲ್ಲಿ ಮಾತ್ರ. ನ್ಯೂಜಿಲೆಂಡಿನ ವಿಲಿಯಂ ಕೊಲೆನ್ಸೊ ತನ್ನ ಸುತ್ತಲಿನ ಗಿಡಗಳಿಗೆ ತಾನೇ ಹೆಸರಿಡಲು ಹೊರಟಾಗ ಹೂಕರ್ ಅದನ್ನು ಒಪ್ಪಲಿಲ್ಲ. ದೂರದ ನಾಡಿನಲ್ಲಿ ಗಿಡವನ್ನು ವರ್ಷವಿಡೀ ಕಾಣುವವನು ಸಂಗ್ರಾಹಕ, ಕೇಂದ್ರದಲ್ಲಿ ಕುಳಿತು ಹೋಲಿಸುವವನು ನಿರ್ಣಾಯಕ ಎಂಬ ಶ್ರಮವಿಭಾಗ ಹೀಗೆ ಸ್ಥಿರಗೊಂಡಿತು.

4

1855ರಲ್ಲಿ ಹೂಕರ್ ಕ್ಯೂ ಉದ್ಯಾನದ ಸಹಾಯಕ ನಿರ್ದೇಶಕನಾದ. 1858ರ ಜುಲೈ 1ರಂದು ಡಾರ್ವಿನ್ ಮತ್ತು ವಾಲೇಸ್‌ರ ಪ್ರಬಂಧಗಳು ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲ್ಪಡುವಂತೆ ಲಯಲ್‌ನೊಡನೆ ಏರ್ಪಾಡು ಮಾಡಿದವನು ಆತನೇ. ವಿಕಾಸವಾದದ ಪರವಾಗಿ ಆಕ್ಸ್‌ಫರ್ಡಿನ ಚರ್ಚೆಯಲ್ಲಿ ಮಾತಾಡಿದ 1860ನೆಯ ಇಸವಿಯ ಶರತ್ಕಾಲದಲ್ಲಿಯೇ ಔಷಧಶಾಸ್ತ್ರಜ್ಞ ಡೇನಿಯಲ್ ಹ್ಯಾನ್‌ಬರಿಯೊಡನೆ ಸಿರಿಯ ಮತ್ತು ಲೆಬನಾನಿಗೆ ಹೋದ.

ಲೆಬನಾನ್ ಪರ್ವತದ ಕದೀಶಾ ಕಣಿವೆಯ ತಲೆಯಲ್ಲಿ ಸೀಡರ್ ಮರಗಳ ಪ್ರಸಿದ್ಧ ತೋಪಿದೆ. ಅಲ್ಲಿ ಸುಮಾರು 400 ಮರಗಳನ್ನು ಹೂಕರ್ ಕಂಡ. ಅವು ನಿಂತಿದ್ದ ದಿಣ್ಣೆಗಳು ಹಿಮನದಿ ಹಿಂದೆಂದೋ ತಂದು ಸುರಿದ ಕಲ್ಲುಮಣ್ಣಿನ ರಾಶಿಗಳೆಂದು ಗುರುತಿಸಿದ. ಹಿಮಾಲಯದಲ್ಲಿ ಅಂತಹ ರಾಶಿಗಳ ನಡುವೆ ಅಲೆದವನ ಕಣ್ಣಿಗೆ ಅದು ತಪ್ಪುವಂತಿರಲಿಲ್ಲ. ಈಗ ಹಿಮನದಿಯೇ ಇಲ್ಲದ ಲೆಬನಾನಿನಲ್ಲಿ ಹಿಂದೆ ತೀವ್ರ ಶೀತವಿದ್ದಿತೆಂಬುದಕ್ಕೆ ಅದು ಸಾಕ್ಷಿಯಾಯಿತು. ಆತನನ್ನು ಕಾಡಿದ ಮತ್ತೊಂದು ಸಂಗತಿ ತೋಪಿನಲ್ಲಿ ಎಳೆಯ ಮರಗಳೇ ಇಲ್ಲದಿದ್ದುದು. ಬೀಜ ಮೊಳೆತರೂ ಸಸಿ ಉಳಿಯುತ್ತಿರಲಿಲ್ಲ. ಮರಗಳ ಆಯುಸ್ಸು ಮುಗಿದೊಡನೆ ತೋಪೂ ಮುಗಿಯುವ ಸ್ಥಿತಿ ಅದು. 1876ರಲ್ಲಿ ಆಡುಗಳನ್ನು ತಡೆಯಲು ಅಲ್ಲಿ ಕಲ್ಲುಗೋಡೆ ಎದ್ದಿತು. 1998ರಲ್ಲಿ ಕಣಿವೆಯೂ ತೋಪೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಮರಳಿ ಬಂದು ಹೂಕರ್ ಲೆಬನಾನ್, ಟಾರಸ್, ಅಲ್ಜೀರಿಯ ಮತ್ತು ಭಾರತದ ಸೀಡರ್‌ಗಳ ಮಾದರಿಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದ. 1862ರಲ್ಲಿ 'ನ್ಯಾಚುರಲ್ ಹಿಸ್ಟರಿ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧ ಅದರ ಫಲ. ಮೂರು ಬಗೆಗಳು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಕಂಡರೂ ಅವುಗಳನ್ನು ಪ್ರತ್ಯೇಕಿಸುವ ಒಂದೇ ಒಂದು ಸ್ಥಿರಲಕ್ಷಣ ದೊರೆಯದು. ಎಲೆ, ಬಣ್ಣ, ಶಂಕುಗಳೆಲ್ಲವೂ ಒಂದರಿಂದ ಇನ್ನೊಂದಕ್ಕೆ ಜಾರುತ್ತವೆ. ಆದ್ದರಿಂದ ಇವು ಒಂದೇ ಪ್ರಭೇದದ ಭೇದಗಳೆಂದು ಆತ ನಿರ್ಣಯಿಸಿದ. ಲೆಬನಾನಿಗೂ ಅಫ್ಘಾನಿಸ್ತಾನದ ದೇವದಾರು ಕಾಡುಗಳಿಗೂ ನಡುವೆ ಸುಮಾರು 3,000 ಕಿಲೋಮೀಟರುಗಳ ಅಂತರವಿದೆ. ಹಿಮಯುಗದ ಶೀತದಲ್ಲಿ ಸೀಡರ್ ಕಾಡು ಕೆಳನಾಡಿಗೆ ಇಳಿದು ಅಖಂಡವಾಗಿ ಹಬ್ಬಿತ್ತೆಂದೂ, ನೆಲ ಬಿಸಿಯಾದಂತೆ ಅದು ದೂರದೂರದ ಪರ್ವತಗಳನ್ನೇರಿ ಒಂಟಿಯಾಯಿತೆಂದೂ ಆತ ವಿವರಿಸಿದ. ಕೆಲವೇ ಪುಟಗಳ ಈ ಪ್ರಬಂಧದಲ್ಲಿ ಭೂವಿಜ್ಞಾನ, ಹವಾಮಾನ, ಸಸ್ಯಲಕ್ಷಣಗಳು ಮೂರೂ ಒಂದುಗೂಡಿವೆ. ಮರದ ನೆಲೆಯನ್ನು ಅದರ ಚರಿತ್ರೆಯಿಂದ ವಿವರಿಸುವ ಈ ಕ್ರಮ ಆ ಕಾಲಕ್ಕೆ ಹೊಸದಾಗಿತ್ತು.

5

ತಂದೆಯ ಮರಣಾನಂತರ 1865ರಲ್ಲಿ ಹೂಕರ್ ಕ್ಯೂ ಉದ್ಯಾನದ ನಿರ್ದೇಶಕನಾಗಿ 1885ರವರೆಗೆ ಆ ಸ್ಥಾನದಲ್ಲಿದ್ದ. ಜಾರ್ಜ್ ಬೆಂಥಮ್‌ನೊಡನೆ 'ಜೆನೆರಾ ಪ್ಲಾಂಟಾರಮ್' (1862-1883) ಗ್ರಂಥವನ್ನು ರಚಿಸಿದ. ಭಾರತದ ಕಾಲೇಜುಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಕಲಿತ ಸಸ್ಯವರ್ಗೀಕರಣ ಇದೇ. 1873ರಿಂದ 1878ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ. 1871ರಲ್ಲಿ ಮೊರಾಕೊದ ಮಹಾ ಅಟ್ಲಾಸ್ ಪರ್ವತವನ್ನು ಏರಿದ. ಆದರೆ ಆತ ಸುತ್ತಿದ ಮರಾಕೇಶದ ದಕ್ಷಿಣದ ಕಣಿವೆಗಳು ಸೀಡರ್‌ನ ಮುಖ್ಯ ನೆಲೆಗಳಲ್ಲ. ಅದರ ಕಾಡುಗಳಿರುವುದು ಮಧ್ಯ ಅಟ್ಲಾಸ್ ಮತ್ತು ರಿಫ್ ಪರ್ವತಗಳಲ್ಲಿ. 1877ರಲ್ಲಿ ಏಸಾ ಗ್ರೇಯೊಡನೆ ಅಮೆರಿಕದ ರಾಕಿ ಮತ್ತು ಸಿಯೆರ ನೆವಾಡ ಪರ್ವತಗಳನ್ನು ಕಂಡ. ಅಲ್ಲಿಯ ಜನ ಸೀಡರ್ ಎಂದು ಕರೆಯುವ ಮರಗಳು ಬೇರೆಯೇ ಕುಟುಂಬದವು. ನಿಜವಾದ ಸೀಡರ್ ಅಮೆರಿಕದ ಕಾಡುಗಳಲ್ಲಿಲ್ಲ.

1878ರಲ್ಲಿ ಸೈಪ್ರಸ್ ದ್ವೀಪದ ಆಡಳಿತ ಬ್ರಿಟಿಷರ ಕೈಗೆ ಬಂತು. ಮರುವರ್ಷ ಅಲ್ಲಿಗೆ ಹೋದ ಪ್ರವಾಸಿ ಸ್ಯಾಮ್ಯುಯಲ್ ಬೇಕರ್ ದ್ವೀಪದ ಪಶ್ಚಿಮದ ಬೆಟ್ಟಸಾಲಿನಲ್ಲಿ ಬೆಳೆಯುವ ಒಂದು ಸೀಡರ್‌ನ ಮಾದರಿಗಳನ್ನು ಹೂಕರ್‌ಗೆ ಕಳಿಸಿಕೊಟ್ಟ. ಲೆಬನಾನಿನ ಮರಕ್ಕಿಂತ ಗಿಡ್ಡವಾದ ಎಲೆಗಳುಳ್ಳ ಅದನ್ನು ಹೂಕರ್ 1880ರಲ್ಲಿ ಲೆಬನಾನ್ ಸೀಡರ್‌ನ ಒಂದು ಭೇದವೆಂದು ಹೆಸರಿಸಿದ. ಮರವನ್ನು ಆತ ನೋಡಿರಲಿಲ್ಲ. ನೋಡಿದ್ದು ಕಳಿಸಿದ ಮಾದರಿಯನ್ನು. ಅಖಂಡವಾಗಿದ್ದ ಹಳೆಯ ಕಾಡಿನ ಇನ್ನೊಂದು ಚೂರು ದೊರೆತಂತೆ ಆತನಿಗೆ ಅದು ತೋರಿರಬೇಕು.

1872ರಿಂದ 1897ರವರೆಗೆ ಹೊರಬಂದ 'ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ'ದ ಐದನೆಯ ಸಂಪುಟದಲ್ಲಿ, 1888ರಲ್ಲಿ, ಹಿಮಾಲಯದ ದೇವದಾರು ಲೆಬನಾನ್ ಸೀಡರ್‌ನ ಒಂದು ಭೇದವಾಗಿಯೇ ಸೇರ್ಪಡೆಯಾಯಿತು. ಈ ಹೊತ್ತಿಗೆ ದೇವದಾರು ಭಾರತದ ಅರಣ್ಯ ಇಲಾಖೆಯ ಅತಿ ಮುಖ್ಯ ಮರಗಳಲ್ಲೊಂದಾಗಿತ್ತು. ರೈಲುಹಾದಿಯ ಅಡಿಮರಕ್ಕಾಗಿ ಸಟ್ಲೆಜ್, ರಾವಿ, ಚಿನಾಬ್ ಕಣಿವೆಗಳ ಕಾಡುಗಳು ಕೊಡಲಿಗೆ ತುತ್ತಾಗಿದ್ದವು. ಅವುಗಳ ಸ್ಥಿತಿಯನ್ನು ಸಮೀಕ್ಷಿಸಿ 1864ರಲ್ಲಿ ವರದಿ ಕೊಟ್ಟ ಹ್ಯೂ ಕ್ಲೆಗ್‌ಹಾರ್ನ್ 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದು, ಮಲೆನಾಡಿನ ಸಸ್ಯಗಳನ್ನು ಚಿತ್ರಗಾರರಿಂದ ಬರೆಸಿದ್ದವನು. ಕಾಡಿನಲ್ಲಿ ನಿಂತು ದೇವದಾರುವನ್ನು ಎಣಿಸಿದವನಿಗೂ ಕ್ಯೂನಲ್ಲಿ ಕುಳಿತು ಅದನ್ನು ಅಳೆದವನಿಗೂ ಕಂಡ ಮರ ಒಂದೇ ಆದರೂ ಕಂಡ ಮುಖಗಳು ಬೇರೆ.

ಹೂಕರ್‌ನ ಈ ಮಹಾಗ್ರಂಥದಲ್ಲಿ ದೇಶಭಾಷೆಗಳ ಹೆಸರುಗಳಿಗೆ ಬಹುಮಟ್ಟಿಗೆ ಎಡೆಯಿಲ್ಲ. ಹದಿನೇಳನೆಯ ಶತಮಾನದ 'ಹೋರ್ಟಸ್ ಮಲಬಾರಿಕಸ್'ನಲ್ಲಿ ದೇಶೀ ಹೆಸರೇ ಮೊದಲು ನಿಲ್ಲುತ್ತದೆ. ರಾಕ್ಸ್‌ಬರೋ ಸಹ ಅವುಗಳನ್ನು ಆದರದಿಂದ ದಾಖಲಿಸಿದ್ದ. ಹಿಮಾಲಯದ ಮರಕ್ಕೆ ದೇವದಾರು ಎಂಬ ದೇಶೀ ಹೆಸರನ್ನೇ ಲ್ಯಾಟಿನ್ನಿನಲ್ಲಿ ಉಳಿಸಿದವನೂ ಆತನೇ. ಹೂಕರ್‌ನ ಕಾಲಕ್ಕೆ ಆ ಆದರ ಕುಂದಿತು. ಇದಕ್ಕೆ ಕಾರಣವಿಲ್ಲದಿಲ್ಲ. ದೇವದಾರು ಎಂಬ ಒಂದೇ ಪದವನ್ನು ನೋಡಿದರೆ ಸಾಕು. ಕನ್ನಡನಾಡಿನ ಕುರುಚಲು ಕಾಡುಗಳ ಒಂದು ಸಣ್ಣ ಮರಕ್ಕೂ ಆ ಹೆಸರಿದೆ. ಸಹ್ಯಾದ್ರಿಯ ಮಳೆಕಾಡಿನ ಬಿಳಿ ದೇವದಾರು ಬೇವಿನ ಕುಟುಂಬದ್ದು. ಬಂಗಾಳದಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಸಾಲುಮರ ದೇಬದಾರು. ಗ್ರಂಧಿಗೆ ಅಂಗಡಿಯಲ್ಲಿ ಔಷಧಕ್ಕೆ ಕೊಳ್ಳುವ ದೇವದಾರು ಚಕ್ಕೆ ಮಾತ್ರ ಹಿಮಾಲಯದ್ದಾಗಬೇಕು. ಹೆಸರು ಒಂದಾಗಿ ಮರ ಬೇರೆಯಾದಾಗ ಗೊಂದಲವನ್ನು ಪರಿಹರಿಸುವುದು ಹಾಳೆಯೇ. ಆದರೆ ಹೆಸರನ್ನು ಬಿಟ್ಟುಬಿಟ್ಟರೆ ಆ ಮರದೊಡನೆ ಜನ ಬದುಕಿದ ಚರಿತ್ರೆಯೂ ಬಿಟ್ಟುಹೋಗುತ್ತದೆ. ಹೂಕರ್‌ನ ಕೃತಿ ಮೊದಲನೆಯದನ್ನು ಸಾಧಿಸಿತು, ಎರಡನೆಯದನ್ನು ಕಳೆದುಕೊಂಡಿತು.

6

ನಿವೃತ್ತಿಯ ನಂತರ ಸನ್ನಿಂಗ್‌ಡೇಲ್‌ನಲ್ಲಿ ನೆಲೆಸಿದ ಹೂಕರ್ ಇಳಿವಯಸ್ಸಿನಲ್ಲೂ ಕ್ಯೂನ ಹಾಳೆಗಳ ಅಧ್ಯಯನವನ್ನು ಬಿಡಲಿಲ್ಲ. 1911ರ ಡಿಸೆಂಬರ್ 10ರಂದು, 94ನೆಯ ವಯಸ್ಸಿನಲ್ಲಿ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯ ಗೌರವಕ್ಕಿಂತ ಕ್ಯೂನ ಚರ್ಚಿನ ಅಂಗಳದಲ್ಲಿ ತಂದೆಯ ಪಕ್ಕದ ನೆಲವೇ ಆತನಿಗೆ ಪ್ರಿಯವಾಗಿತ್ತು. ಅಲ್ಲಿಯೇ ಸಮಾಧಿಯಾಯಿತು.

ಸೀಡರ್‌ಗಳೆಲ್ಲ ಒಂದೇ ಪ್ರಭೇದವೆಂಬ ಆತನ ನಿರ್ಣಯವನ್ನು ಈಗಿನ ಸಸ್ಯಶಾಸ್ತ್ರ ಅಂಗೀಕರಿಸುವುದಿಲ್ಲ. ಇಪ್ಪತ್ತೊಂದನೆಯ ಶತಮಾನದಲ್ಲಿ ನಡೆದ ಡಿಎನ್‌ಎ ಅಧ್ಯಯನಗಳು ಹಿಮಾಲಯದ ದೇವದಾರು ಉಳಿದವುಗಳಿಂದ ಮೊದಲೇ ಕವಲೊಡೆದುದೆಂದೂ, ಆ ಬಳಿಕ ಅಟ್ಲಾಸ್ ಮರ ಬೇರೆಯಾಯಿತೆಂದೂ, ಲೆಬನಾನ್ ಮತ್ತು ಸೈಪ್ರಸ್ ಮರಗಳು ಪರಸ್ಪರ ಅತಿ ಸಮೀಪದವೆಂದೂ ತೋರಿಸಿವೆ. ಸೈಪ್ರಸ್ ಮರ ಸ್ವತಂತ್ರ ಪ್ರಭೇದವೋ ಹೂಕರ್ ಹೇಳಿದಂತೆ ಲೆಬನಾನ್ ಮರದ ಭೇದವೋ ಎಂಬುದರಲ್ಲಿ ಭಿನ್ನಾಭಿಪ್ರಾಯ ಉಳಿದಿದೆ. ಹತ್ತಿರದ ಎರಡು ಮರಗಳ ವಿಷಯದಲ್ಲಿ ಆತನ ಕಣ್ಣು ಸರಿಯಾಗಿಯೇ ಕಂಡಿತ್ತು. ದೂರದ ದೇವದಾರುವಿನ ವಿಷಯದಲ್ಲಿ ಒಣಗಿದ ರೆಂಬೆ ಕಳೆದುಕೊಂಡ ಲಕ್ಷಣಗಳು ಆತನ ತೀರ್ಮಾನದಿಂದಲೂ ಕಳೆದುಹೋದವು.

ಆದರೂ ಆ ತಪ್ಪನ್ನು ತಿದ್ದುವ ಸಾಧನವನ್ನು ಕಟ್ಟಿ ಬೆಳೆಸಿದವರಲ್ಲಿ ಹೂಕರ್ ಅಗ್ರಗಣ್ಯ. ಕ್ಯೂ ಹರ್ಬೇರಿಯಂನಲ್ಲಿ ಇಂದು ಸುಮಾರು 70 ಲಕ್ಷ ಮಾದರಿಗಳಿವೆ. ಹರ್ಬೇರಿಯಂಗಳಲ್ಲಿ ಒಂದು ಶಿಸ್ತಿದೆ. ಹಾಳೆಯನ್ನು ಮರುಪರಿಶೀಲಿಸಿದ ವಿದ್ವಾಂಸ ತನ್ನ ಹೊಸ ನಿರ್ಣಯವನ್ನು ಸಣ್ಣ ಚೀಟಿಯಲ್ಲಿ ಬರೆದು, ಹೆಸರು ಮತ್ತು ದಿನಾಂಕದೊಡನೆ ಅಂಟಿಸುತ್ತಾನೆ. ಹಿಂದಿನವರ ಚೀಟಿಯನ್ನು ಕೀಳುವುದಿಲ್ಲ. ಒಳ್ಳೆಯ ಗ್ರಂಥಸಂಪಾದಕ ತಾನು ಒಪ್ಪದ ಪಾಠಾಂತರವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುವಂತೆ ಇದು. ಹೂಕರ್‌ನ ನಿರ್ಣಯ ಬಿದ್ದುಹೋದರೂ ಆತ ಉಳಿಸಿದ ಮಾದರಿಗಳು ಸಾಕ್ಷ್ಯವಾಗಿ ನಿಂತಿವೆ. ಪಶ್ಚಿಮ ಹಿಮಾಲಯದ ದೇವದಾರುವನ್ನು ಕುರಿತು ಮುಂದೆ ಹೊಸ ಪ್ರಶ್ನೆ ಎತ್ತುವ ವಿದ್ಯಾರ್ಥಿಯೂ ಎಲೆಯುದುರಿದ ಆ ರೆಂಬೆಗಳನ್ನೂ ಲಕೋಟೆಯಲ್ಲಿ ತುಂಬಿಟ್ಟ ಎಲೆಗಳನ್ನೂ ಮತ್ತೊಮ್ಮೆ ತೆರೆದು ನೋಡಲೇಬೇಕಾಗುತ್ತದೆ.